ಬಾದನಹಟ್ಟಿಯ ಎಂಟು ಮೊಟ್ಟೆಗಳು

1976ರ ಬೇಸಿಗೆ. ಬಳ್ಳಾರಿ ಕಂಟೋನ್ಮೆಂಟಿನ ಹಳೆಯ ಬಂಗಲೆಯಲ್ಲಿದ್ದ ಸಣ್ಣ ವೈರಸ್ ಪ್ರಯೋಗಾಲಯದಲ್ಲಿ ನಾನು ಕಿರಿಯ ಸಂಶೋಧಕಿಯಾಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ತಪ್ಪೆಲ್ಲ ಬೇರೆಯವರದೇ ಎಂದು ಗಟ್ಟಿಯಾಗಿ ನಂಬುವ ವಯಸ್ಸು ಅದು.

ಕೋಳಿ ಭ್ರೂಣದ ಕೋಶಗಳನ್ನು ಗಾಜಿನ ಡಿಶ್‌ನಲ್ಲಿ ಬೆಳೆಸಿ, ಅವಕ್ಕೆ ಗೆಡ್ಡೆ ತರುವ ಸಾರ್ಕೋಮಾ ವೈರಸ್ ತಗುಲಿಸುವುದು ನನ್ನ ಕೆಲಸ. ಆರೋಗ್ಯವಂತ ಕೋಶಗಳು ಒಂದೇ ಪದರವಾಗಿ ಹರಡುತ್ತವೆ, ಪಕ್ಕದ ಕೋಶ ತಾಗಿದೊಡನೆ ತಮ್ಮಷ್ಟಕ್ಕೆ ನಿಲ್ಲುತ್ತವೆ. ವೈರಸ್ ಹೊಕ್ಕ ಕೋಶಗಳಿಗೆ ಆ ಮರ್ಯಾದೆ ಇರುವುದಿಲ್ಲ. ದುಂಡಗಾಗಿ, ಒಂದರ ಮೇಲೊಂದು ಹತ್ತಿ ಗುಡ್ಡೆ ಬೀಳುತ್ತವೆ. ಈ ಬದಲಾವಣೆಗೆ ಟ್ರಾನ್ಸ್‌ಫರ್ಮೇಶನ್ ಎಂದೂ, ಆ ಗುಡ್ಡೆಗೆ ಫೋಕಸ್ ಎಂದೂ ಹೆಸರು. ವೈರಸ್ ತುಂಬಿ ಬಾಯಿ ಮುಚ್ಚಿದ ನಾಲ್ಕು ಗಾಜಿನ ಆಂಪೂಲ್‌ಗಳು ನಮಗೆ ಸಿಕ್ಕಿದ್ದವು. ಮೂರು ಖರ್ಚಾದರೂ ಒಂದು ಫೋಕಸ್ ಕೂಡ ಕಾಣಲಿಲ್ಲ.

ಗಾಜಿನ ಸಾಮಾನು ತೊಳೆಯಲು ಬಾದನಹಟ್ಟಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವಳು ಹುಲಿಗೆಮ್ಮ. ಗಂಡ ಇರಲಿಲ್ಲ. ಮಗಳು ಬಳ್ಳಾರಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು, ತಾಯಿಯ ಹಂಗಾಮಿ ಕೆಲಸದ ಸಂಬಳವೇ ಆಧಾರ. ಟೆಸ್ಟ್ ಟ್ಯೂಬಿನಲ್ಲಿ ಸಾಬೂನಿನ ಅಂಶ ಉಳಿದರೆ ಈ ಜಾತಿಯ ವೈರಸ್ ಸಾಯುತ್ತದೆ. ನನಗೆ ಅಷ್ಟು ಸಾಕಾಯಿತು. ‘ತೊಳೆಯುವುದರಲ್ಲಿನ ಅಜಾಗರೂಕತೆಯೇ ಕಾರಣ’ ಎಂದು ರಿಜಿಸ್ಟರಿನಲ್ಲಿ ಬರೆದೆ. ಪ್ರಯೋಗಾಲಯದ ಮುಖ್ಯಸ್ಥರು ಓದಿ, ಜೂನ್ ಕೊನೆಗೆ ಆಕೆಯನ್ನು ಕೆಲಸದಿಂದ ಬಿಡಿಸಿಬಿಡಿ ಎಂದರು.

ಹೇಳಿದಾಗ ಹುಲಿಗೆಮ್ಮ ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಅಮ್ಮಾರ, ಏಳು ನೀರಾಗ ತೊಳಿತೀನ್ರಿ. ಇನ್ನೂ ಹೆಂಗ ತೊಳಿಬೇಕು ಹೇಳ್ರಿ, ಹಂಗ ತೊಳಿತೀನಿ.”

ನಾನು ಮುಖ ಗಂಟು ಹಾಕಿಕೊಂಡು ಒಳಗೆ ಹೋದೆ.

ನಾಲ್ಕನೆಯ ಪ್ರಯತ್ನಕ್ಕೆಂದು ಸಿರುಗುಪ್ಪದ ಕೋಳಿ ಫಾರಂನಿಂದ ಎಂದಿನಂತೆ ಎರಡು ಡಜನ್ ಮೊಟ್ಟೆ ತರಿಸಿ ಇನ್ಕ್ಯುಬೇಟರಿನಲ್ಲಿ ಇಟ್ಟಿದ್ದೆ. ಜೂನ್ ಒಂದರಂದು ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂತು. ಬೆಳಕಿಗೆ ಹಿಡಿದು ನೋಡಿದರೆ ನಾಲ್ಕರಲ್ಲಿ ಮಾತ್ರ ಜೀವವಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು.

“ನಮ್ಮನಿ ಜವಾರಿ ಕೋಳಿ ಕಾವಿಗೆ ಕುಂತು ಹತ್ತು ದಿನ ಆತ್ರಿ. ನಾಳಿಗೆ ತತ್ತಿ ತರ್ಲೇನ್ರಿ?”

ಕೆಲಸದಿಂದ ತೆಗೆಸುತ್ತಿರುವವಳಿಗೆ ಯಾರಾದರೂ ಇಂಥ ಉಪಕಾರ ಮಾಡುತ್ತಾರೆಯೇ? ನನಗೆ ನಾಚಿಕೆಯಾಯಿತು. ಆದರೂ ಹೂಂ ಎಂದೆ. ಮರುದಿನ ಹತ್ತಿ ತುಂಬಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಎಂಟು ಮೊಟ್ಟೆ ತಂದಳು. ಕೋಳಿ ಕುಕ್ಕಿದ ಗಾಯ ಮುಂಗೈ ಮೇಲೆ ಇನ್ನೂ ಹಸಿಯಾಗಿತ್ತು.

ಫಾರಂ ಮೊಟ್ಟೆಯ ಕೋಶ ಆರು ಡಿಶ್‌ಗಳಲ್ಲಿ, ಜವಾರಿ ಮೊಟ್ಟೆಯ ಕೋಶ ಇನ್ನಾರರಲ್ಲಿ. ಎಲ್ಲ ಗಾಜೂ ಅಂದೇ ಬೆಳಿಗ್ಗೆ ಹುಲಿಗೆಮ್ಮ ತೊಳೆದದ್ದು. ಕೊನೆಯ ಆಂಪೂಲ್ ಒಡೆದು ಹನ್ನೆರಡಕ್ಕೂ ಒಂದೇ ಟ್ಯೂಬಿನಿಂದ ವೈರಸ್ ಹಾಕಿದೆ. ಜೂನ್ ಹತ್ತರಂದು ನೋಡಿದೆ. ಫಾರಂ ಡಿಶ್‌ಗಳು ಬೋಳು. ಜವಾರಿ ಡಿಶ್‌ಗಳು ಆರಕ್ಕೆ ಆರೂ ಗುಡ್ಡೆಗಳಿಂದ ತುಂಬಿದ್ದವು. ಸಂತೋಷಕ್ಕೆ ಕುಣಿಯುವಂತಾಯಿತು, ಅದರ ಬೆನ್ನಿಗೇ ರಿಜಿಸ್ಟರಿನಲ್ಲಿ ನಾನು ಬರೆದ ಸಾಲು ಕಣ್ಣ ಮುಂದೆ ಬಂತು. ತೊಳೆದ ಕೈ ಒಂದೇ, ಟ್ಯೂಬ್ ಒಂದೇ. ಬೇರೆಯಾಗಿದ್ದದ್ದು ಮೊಟ್ಟೆ ಮಾತ್ರ.

ಆಗ ಹಿಂದೆ ಓದಿದ್ದೊಂದು ನೆನಪಾಯಿತು. ಲ್ಯುಕೋಸಿಸ್ ಎಂಬ ಇನ್ನೊಂದು ವೈರಸ್ ತಾಯಿಕೋಳಿಯಿಂದ ಮೊಟ್ಟೆಗೆ ಇಳಿದು, ಕೋಶದಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಮೊದಲೇ ಬಂದ ಬಾಡಿಗೆದಾರ ಒಳಗಿನಿಂದ ಚಿಲಕ ಹಾಕಿಕೊಂಡಂತೆ, ಆಮೇಲೆ ಬರುವ ಸಾರ್ಕೋಮಾ ವೈರಸ್ಸಿಗೆ ಜಾಗ ಕೊಡುವುದಿಲ್ಲ.

ಮುಖ್ಯಸ್ಥರು, “ಆಕಸ್ಮಿಕವೂ ಇರಬಹುದು. ಸಾಬೀತು ಮಾಡಿ,” ಎಂದರು. ತಿಂಗಳ ಕೊನೆಗೆ ಇಪ್ಪತ್ತು ದಿನ ಉಳಿದಿತ್ತು. ಉಳಿಸಿಟ್ಟಿದ್ದ ಜವಾರಿ ಕೋಶಗಳನ್ನು ಎರಡು ಪಾಲು ಮಾಡಿದೆ. ಒಂದು ಪಾಲಿಗೆ, ಲ್ಯುಕೋಸಿಸ್ ಇದ್ದರೆ ಅದರಲ್ಲೇ ಇರಬೇಕೆಂದು, ಸಾರ್ಕೋಮಾ ಹಾಕದೆ ಉಳಿಸಿದ್ದ ಫಾರಂ ಕೋಶಗಳ ದ್ರವ ಬೆರೆಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಹತ್ತು ದಿನ ಬೆಳೆಸಿ, ಗುಡ್ಡೆ ಎದ್ದಿದ್ದ ಡಿಶ್‌ಗಳಿಂದಲೇ ತೆಗೆದ ಸಾರ್ಕೋಮಾ ವೈರಸ್ಸನ್ನು ಎರಡಕ್ಕೂ ಹಾಕಿದೆ. ನನ್ನ ಊಹೆ ಸರಿಯಿದ್ದರೆ ದ್ರವ ಬೆರೆಸಿದ ಪಾಲಿನಲ್ಲಿ ಫೋಕಸ್ ಏಳಬಾರದು. ಆ ದಿನಗಳಲ್ಲಿ ಹುಲಿಗೆಮ್ಮ ಎಂದಿನಂತೆ ಏಳು ನೀರಿನಲ್ಲಿ ತೊಳೆಯುತ್ತಲೇ ಇದ್ದಳು. ನನಗೆ ಆಕೆಯ ಮುಖ ನೋಡುವ ಧೈರ್ಯವಿರಲಿಲ್ಲ.

ಜೂನ್ ಇಪ್ಪತ್ತೆಂಟು. ಹಾಗೇ ಬಿಟ್ಟ ಡಿಶ್‌ಗಳಲ್ಲಿ ಗುಡ್ಡೆಯೋ ಗುಡ್ಡೆ. ದ್ರವ ಬೆರೆಸಿದವುಗಳಲ್ಲಿ ಒಂದೂ ಇಲ್ಲ. ಮುಖ್ಯಸ್ಥರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, “ಆ ರಿಜಿಸ್ಟರಿನ ಹಾಳೆ ಹರಿದುಬಿಡಿ. ಆಕೆ ಇರಲಿ,” ಎಂದರು.

“ಹರಿಯುವುದು ಬೇಡ ಸರ್,” ಎಂದೆ. ಅದರ ಕೆಳಗೇ ಕೆಂಪು ಮಸಿಯಲ್ಲಿ ಬರೆದೆ: ‘ತೊಳೆದದ್ದರಲ್ಲಿ ದೋಷವಿಲ್ಲ. ತಪ್ಪು ನನ್ನದು.’ ಸಿರುಗುಪ್ಪದ ಫಾರಂನವರಿಗೂ ಕಾಗದ ಹೋಯಿತು. ಯಕೃತ್ತು ಊದಿ ಸಾಯುತ್ತಿದ್ದ ತಮ್ಮ ಕೋಳಿಗಳಿಗೆ ಏನಾಗಿದೆಯೆಂದು ಅವರಿಗೂ ತಿಳಿಯಿತು.

ಹುಲಿಗೆಮ್ಮನನ್ನು ಕರೆದು ಕೆಂಪಕ್ಷರ ಓದಿ ಹೇಳಿದೆ, ಕ್ಷಮೆ ಕೇಳಿದೆ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದಳು.

“ಒಂದರ ಮ್ಯಾಲೊಂದು ಹತ್ಯಾವಲ್ರಿ ಇವು,” ಎಂದು ನಕ್ಕಳು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: “ಅಲ್ರಿ ಅಮ್ಮಾರ, ಇಷ್ಟು ದಿನ ನನ್ನ ಕೈನ ನೋಡಿದ್ರಿ. ತತ್ತಿ ಇಟ್ಟ ಕೋಳಿ ಕಡಿಗೆ ಒಂದ್ಸಲ ನೋಡಾಕ ಏನಾಗಿತ್ರಿ?”

ಮುಂದಿನ ವರ್ಷ ಆಕೆಯ ಕೆಲಸ ಖಾಯಂ ಆಯಿತು. ನಾನು ನಿವೃತ್ತಳಾಗುವವರೆಗೆ ಪ್ರಯೋಗ ಕೆಟ್ಟಿತೆಂದು ಎಷ್ಟೋ ವಿದ್ಯಾರ್ಥಿಗಳು ಬಂದು ನಿಂತಿದ್ದಾರೆ. ಮೊಟ್ಟೆ ಎಲ್ಲಿಯದು ಎಂದೇ ಮೊದಲು ಕೇಳಿದ್ದೇನೆ. ತೊಳೆದವರು ಯಾರು ಎಂದು ಮೊದಲು ಕೇಳಿದ್ದು ಆ ಬೇಸಿಗೆಯಲ್ಲಿ ಮಾತ್ರ.