ಒಂದು ಮೆಟ್ಟಿಲು ಕೆಳಗೆ

"ಸಂಬಳ ತಗೊಳ್ಳೋದು ಕೈ ಕಟ್ಕೊಂಡು ನಿಲ್ಲೋಕಾ? ಮನುಷ್ಯ ಬೀಳೋ ಹಾಗೆ ತೂರಾಡ್ತಿದಾರೆ, ಮುಟ್ಟೋಕೇನು ನಿನಗೆ ಅಸಹ್ಯನಾ?"

ಚಾಮರಾಜಪೇಟೆಯ ಒಂದು ಆಸ್ಪತ್ರೆ. ಮೂರನೇ ಮಹಡಿಗೆ ಹೋಗುವ ಮೆಟ್ಟಿಲಿಗೆ ಬೆಳಗಿನ ಬಿಸಿಲು ಇನ್ನೂ ಬಂದಿಲ್ಲ. ಬೈಯುತ್ತಿರುವವರು ರೋಗಿಯ ಅಳಿಯ ಅಭಿನಂದನ್. ಬೈಸಿಕೊಳ್ಳುತ್ತಿರುವವರು ವಾರ್ಡ್ ಅಟೆಂಡರ್ ಅಮರ್. ಮೇಲೆ ಇಬ್ಬರು ನರ್ಸ್‌ಗಳು, ಕೆಳಗೆ ನೆಲ ಒರೆಸುವಾಕೆ, ಫ್ಲಾಸ್ಕ್ ಹಿಡಿದ ಸಂಬಂಧಿಕರು, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಅಮರ್ ತಿರುಗಿ ನೋಡುವುದಿಲ್ಲ. ಅವರ ಕಣ್ಣು ಒಂದು ಮೆಟ್ಟಿಲು ಮೇಲೆ ನಿಂತಿರುವ ರೋಗಿ ಮುನಿರಾಮಪ್ಪನವರ ಮೊಣಕಾಲಿನ ಮೇಲಿದೆ.

ಹನುಮಂತನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಮುನಿರಾಮಪ್ಪನವರಿಗೆ ವೈರಲ್ ಜ್ವರ ಎದೆಗಿಳಿದು ಎರಡೂ ಶ್ವಾಸಕೋಶ ಕೆಟ್ಟುಹೋದವು. ತಿಂಗಳುಗಟ್ಟಲೆ ಯಂತ್ರವೇ ಉಸಿರಾಡಿಸಿತು. ಯಾರೋ ತೀರಿಕೊಂಡರು, ಅವರ ಮನೆಯವರು ದಾನಕ್ಕೆ ಒಪ್ಪಿದರು, ಇವರಿಗೆ ಬೇರೆ ಶ್ವಾಸಕೋಶ ಬಂತು. ಅದು ಚೆನ್ನಾಗಿದೆ. ಮಲಗಿ ಮಲಗಿ ಸೊರಗಿದ ಕಾಲು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಮನೆ ಇರುವುದು ಅಂಗಡಿಯ ಮೇಲೆ. ಶುಕ್ರವಾರ ಯಾರ ಕೈಯೂ ಹಿಡಿಯದೆ ಈ ಮೆಟ್ಟಿಲು ಹತ್ತಿದರೆ ಮನೆಗೆ. ಇಲ್ಲವಾದರೆ ಮತ್ತೆ ವಾರ್ಡು.

"ಹೊತ್ಕೊಂಡು ಹೋಗ್ತೀವಿ ಅಂತಾನೆ ಅಳಿಯ. ಹೊರೋ ದಿನ ಬಂದಾಗ ಹೊರಲಿ," ಎನ್ನುತ್ತಾರೆ ಮುನಿರಾಮಪ್ಪ, ಮಾಸ್ಕಿನೊಳಗಿಂದಲೇ. "ಈಗ ನಾನೇ ಹತ್ತಬೇಕು."

ದಿನಕ್ಕೆ ಆರೇಳು ಮಂದಿಯ ಹಿಂದೆ ಅಮರ್ ಹೀಗೆ ಹತ್ತುತ್ತಾರೆ, ಇಳಿಯುತ್ತಾರೆ. ಯಾರಿಗೂ ಕೈ ಚಾಚುವುದಿಲ್ಲ. ಫಿಸಿಯೋಥೆರಪಿಸ್ಟ್ ರಂಜಿನಿ ಕಲಿಸಿದ ಕ್ರಮ ಅದು. ಹಿಡಿಯಲು ಕೈ ಸಿಕ್ಕರೆ ರೋಗಿ ಭಾರವನ್ನೆಲ್ಲ ಅದರ ಮೇಲೆ ಹಾಕಿಬಿಡುತ್ತಾರೆ, ಕಾಲಿಗೆ ಕೆಲಸವೇ ಇರುವುದಿಲ್ಲ.

"ಕಷ್ಟ ಇರೋದೇ ಅಲ್ಲಿ. ಕೈ ತಾನಾಗೇ ಮುಂದಕ್ಕೆ ಹೋಗ್ಬಿಡುತ್ತೆ. ಅದಕ್ಕೇ ಕಟ್ಕೊಂಡಿರ್ತೀನಿ," ಎನ್ನುತ್ತಾರೆ ಅಮರ್. "ಒಂದು ಮೆಟ್ಲು ಕೆಳಗೆ ನಿಲ್ಲೋದು, ಬಿದ್ರೆ ನನ್ನ ಮೇಲೆ ಬೀಳ್ಲಿ ಅಂತ. ಒಬ್ಬರು ಬಿದ್ರು ಕೂಡ. ಅವರಿಗೇನೂ ಆಗ್ಲಿಲ್ಲ. ನನ್ ಬೆನ್ನು ಮಾತ್ರ ಇನ್ನೂ ಹಿಡ್ಕೊಳ್ಳುತ್ತೆ."

ಅಮರ್ ಅವರದು ಓಕಳಿಪುರಂನಲ್ಲಿ ರೈಲು ಹಳಿಯ ಪಕ್ಕದ ಮನೆ. ತಂದೆ ಶಿವಲಿಂಗಯ್ಯ ಬಸವನಗುಡಿಯ ಬಂಗಲೆಗಳ ಕಕ್ಕಸು ತೊಳೆದು ಮಗನನ್ನು ಪಿಯುಸಿವರೆಗೆ ಓದಿಸಿದರು. ಕೊರೊನಾ ಕಾಲದಲ್ಲಿ ಹೆಣ ಸುತ್ತಲು ಯಾರೂ ಬಾರದಿದ್ದಾಗ ಅಮರ್ ಇಲ್ಲಿಗೆ ಸೇರಿದರು. ಆಗ ತಟ್ಟೆ ಬಡಿದ ಊರು ಆಮೇಲೆ ಅವರ ಹೆಸರು ಕೇಳಲಿಲ್ಲ. ಆಗಲೂ ಗುತ್ತಿಗೆ, ಈಗಲೂ ಗುತ್ತಿಗೆ. ಬೆನ್ನು ನೋವೆಂದು ಮಲಗಿದರೆ ಆ ದಿನದ ಕೂಲಿ ಇಲ್ಲ.

ಬೈಗುಳದ ಸುದ್ದಿ ಕೇಳಿ ತಾಯಿ ಕಮಲಮ್ಮ ನಕ್ಕುಬಿಟ್ಟರಂತೆ. "ನಿಮ್ಮಪ್ಪನ್ನ ಮುಟ್ಟಬೇಡ ಅಂತ ಬೈತಿದ್ರು. ನಿನ್ನ ಮುಟ್ಟು ಅಂತ ಬೈತಾರೆ. ಬೈಯೋದಂತೂ ಬಿಡಲ್ಲ ನೋಡು."

ಶುಕ್ರವಾರ. ಅದೇ ಮೆಟ್ಟಿಲು, ಅದೇ ಜನ. ಮೇಲೆ ರಂಜಿನಿ ಕಾಯುತ್ತಿದ್ದಾರೆ. ಅರ್ಧ ದಾರಿಯಲ್ಲಿ ಮುನಿರಾಮಪ್ಪನವರ ಮೊಣಕಾಲು ನಡುಗುತ್ತದೆ. ಒಂದು ಕೈ ಕಂಬಿಯ ಮೇಲಿದೆ. ಇನ್ನೊಂದು ಆಸರೆ ತಡಕುತ್ತಾ ಹಿಂದಕ್ಕೆ, ಅಮರ್ ಭುಜದ ಹತ್ತಿರಕ್ಕೆ ಬರುತ್ತದೆ.

"ಮೊದಲು ಉಸಿರು ಬಿಡಿ ಸಾರ್. ಪೂರ್ತಿ. ಆಮೇಲೆ ಕಾಲು."

"ಕೈ ಕೊಡಯ್ಯಾ."

"ಇಲ್ಲ ಸಾರ್. ಇಲ್ಲೇ ಇದೀನಿ."

ಮುನಿರಾಮಪ್ಪ ಗೊಣಗಿಕೊಳ್ಳುತ್ತಾ ಕಾಲು ಎತ್ತುತ್ತಾರೆ. ಇನ್ನೊಂದು. ಮತ್ತೆ ನಿಲ್ಲುತ್ತಾರೆ. ಮತ್ತೊಂದು. ಮೇಲೆ ತಲುಪಿ ಗೋಡೆಗೊರಗಿದಾಗ ರಂಜಿನಿ ಹೇಳುತ್ತಾರೆ, "ನಾಳೆ ಮನೆಗೆ ಹೊರಡಬಹುದು."

ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಅಭಿನಂದನ್ ಎಲ್ಲರಿಗೂ ಕೇಳುವ ಹಾಗೆ ಅಮರ್‌ಗೆ ಹೇಳುತ್ತಾರೆ, "ನೋಡಿದ್ಯಾ, ನಮ್ಮ ಮಾವ ಒಬ್ಬರೇ ಹತ್ತಿದ್ರು. ನೀನಿದ್ದು ಏನ್ ಮಾಡ್ದಂಗಾಯ್ತು?"

ಅಮರ್ ಕಟ್ಟಿದ್ದ ಕೈ ಬಿಡಿಸುತ್ತಾರೆ. ತೋಳಿನ ಮೇಲೆ ಅವರದೇ ಬೆರಳಿನ ಗುರುತು ಅಚ್ಚೊತ್ತಿದೆ. ಕೆಳಗೆ ಮುಂದಿನ ರೋಗಿ ಕಂಬಿ ಹಿಡಿದು ಕಾಯುತ್ತಿದ್ದಾರೆ. ಅಮರ್ ಇಳಿದು ಹೋಗುತ್ತಾರೆ.