ಎಡಕ್ಕೆ ವಾಲಿದ ತಲೆಗಳು

ಅವತ್ತು ಬೆಳಿಗ್ಗೆಯೂ ಹೆಂಡತಿ ಗಂಡನ ಬೆನ್ನಿಗೆ ಮೊಣಕಾಲು ಕೊಟ್ಟೇ ಪಟ್ಟಿ ಬಿಗಿದಳು. ಹಳೇ ಚಾದರವನ್ನು ಉದ್ದುದ್ದ ಹರಿದು ಮಾಡಿದ ಪಟ್ಟಿ. ಸೊಂಟದಿಂದ ಕಂಕುಳವರೆಗೆ ಸುತ್ತಬೇಕು. ಬಲಗಡೆ ಉಬ್ಬಿದ ಪಕ್ಕೆಲುಬಿನ ಮೇಲೆ ಸಡಿಲ, ಎಡಗಡೆ ಕುಸಿದ ಸೊಂಟದ ಮೇಲೆ ಬಿಗಿ.

“ಮೆತ್ತಗೆ ಕಣೇ, ನಾನೇನು ಮೂಟೆಯಾ?”

“ಮೂಟೆ ಆಗಿದ್ರೆ ಗೋಡೆಗೆ ಒರಗಿಸಿ ಸುಮ್ನಿರ್ತಿದ್ದೆ. ಉಸಿರು ಎಳ್ಕೊಳ್ರೀ.”

“ಎಳ್ಕೊಳ್ಳೋಕೆ ಒಳಗೆ ಜಾಗ ಎಲ್ಲಿದೆ?”

ಜಾಗ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಬೆನ್ನುಮೂಳೆ ಎಡಕ್ಕೆ ವಾಲಿ ವಾಲಿ ಶ್ವಾಸಕೋಶವನ್ನು ಮೂಲೆಗೆ ಒತ್ತಿತ್ತು. ಚಿಕ್ಕಂದಿನಲ್ಲೇ ತೋರಿಸಿದ್ದರೆ ಸರಿಹೋಗುತ್ತಿತ್ತಂತೆ. ಬೆಳೆಯುತ್ತಾ ಬೆಳೆಯುತ್ತಾ ನೆಟ್ಟಗಾಗುತ್ತಾನೆ ಎಂದು ಅತ್ತೆ ನಂಬಿದ್ದಳು. ಮಗ ಬೆಳೆದ, ಡೊಂಕೂ ಜೊತೆಗೇ ಬೆಳೆಯಿತು. ದೊಡ್ಡವನಾದ ಮೇಲೆ ನೋಡಿದ ಡಾಕ್ಟರು, ಈಗ ಕತ್ತರಿ ಹಾಕಿದರೆ ಇರುವ ಉಸಿರೂ ಹೋದೀತು ಎಂದು ಕೈ ತೊಳೆದುಕೊಂಡರು.

ಗಂಡ ಕ್ಷೌರಿಕ. ಬೀದಿಗೆಲ್ಲ ಡೊಂಕಣ್ಣ. ಅಂಗಡಿಗೆ ಬಂದವರಲ್ಲಿ ಅರ್ಧ ಜನ “ಸ್ವಲ್ಪ ನೆಟ್ಟಗೆ ನಿಂತ್ಕೋಬಾರ್ದಾ?” ಎನ್ನುವವರೇ, ಅವನೇನೋ ಸೋಮಾರಿತನಕ್ಕೆ ವಾಲಿಕೊಂಡಿದ್ದಾನೆ ಎನ್ನುವ ಹಾಗೆ. ಎಲ್ಲರಿಗಿಂತ ಹೆಚ್ಚು ಪೀಡಿಸುತ್ತಿದ್ದವನು ಅವನ ಅಣ್ಣ. ಅವನು ಬಡಗಿ. ಡೊಂಕು ಕಂಡರೆ ಅವನ ಕೈ ತುರಿಸುತ್ತಿತ್ತು.

“ಮರ ಆಗಿದ್ರೆ ಇವನನ್ನ ಕೀಸಿ ಸರಿ ಮಾಡಿರ್ತಿದ್ದೆ.”

“ಮರ ಆಗಿದ್ರೆ ನಾನೂ ಕಟ್ಕೊಳ್ತಿರ್ಲಿಲ್ಲ ಭಾವ.”

ಅವಳಿಗೆ ಇದ್ದದ್ದು ಅದೊಂದೇ ಹಟ. ಈ ಮನುಷ್ಯನಿಗೆ ಆಸರೆ ಕೊಡುವುದು ತನ್ನ ಕೆಲಸ. ನೆಟ್ಟಗೆ ಮಾಡುತ್ತೇನೆಂದು ಯಾರೂ ಬರಕೂಡದು.

ಪಟ್ಟಿ ಆದ ಮೇಲೆ ಗಡ್ಡ. ತನ್ನ ಮುಖಕ್ಕೆ ಎರಡೂ ಕೈ ಎತ್ತಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಬೀದಿಯವರ ಗಡ್ಡ ಹೆರೆಯುವವನ ಗಡ್ಡವನ್ನು ಹೆಂಡತಿ ಹೆರೆಯುತ್ತಿದ್ದಳು.

“ಗಂಟಲ ಹತ್ರ ಹುಷಾರು.”

“ನೀವು ಬಾಯಿ ಬಿಟ್ರೆ ನಾನು ಮುಂಡೆ ಆಗ್ತೀನಿ. ಸುಮ್ನಿರಿ.”

ಅವನು ನಕ್ಕ. ನಕ್ಕರೆ ಕೆಮ್ಮು. ಅವಳು ಪಕ್ಕೆಲುಬಿನ ಕೆಳಗೆ ಅಂಗೈ ಒತ್ತಿ ಹಿಡಿದಳು. ಕೆಮ್ಮು ನಿಂತಿತು, ಅವನು ಅಂಗಡಿಗೆ ಹೋದ. ಸಂಜೆ ಬಂದು, ಸಾರಿಗೆ ಉಪ್ಪಿಲ್ಲ ಎಂದ. ಇತ್ತು. ಜಗಳ ಆಡಿ, ದಿಂಬಿನ ರಾಶಿಗೆ ಒರಗಿ ಮಲಗಿದ. ಬೆಳಿಗ್ಗೆ ಪಟ್ಟಿ ಹಿಡಿದು ಎಬ್ಬಿಸಲು ಹೋದಾಗ ಎಬ್ಬಿಸಲು ಯಾರೂ ಇರಲಿಲ್ಲ.

ಹೆಣದ ಪೆಟ್ಟಿಗೆಯನ್ನು ಭಾವನೇ ಮಾಡಿದ. ಅಳುತ್ತಾ ಮಾಡಿದ, ಚೆನ್ನಾಗಿ ಕೀಸಿ ಮಾಡಿದ. ಆದರೆ ಅಳತೆಯನ್ನು ಅಳೆದು ತೆಗೆದುಕೊಳ್ಳಲಿಲ್ಲ, ತಮ್ಮ ಹೇಗಿರಬೇಕಿತ್ತೋ ಆ ಲೆಕ್ಕದಲ್ಲಿ ಹಿಡಿದ. ಉದ್ದ ಜಾಸ್ತಿ, ಅಗಲ ಕಡಿಮೆ. ಒಳಗೆ ಮಲಗಿಸಿದರೆ ಬಲಭುಜ ಹೊರಗೇ ಉಳಿಯಿತು. ಭಾವ ಎರಡೂ ಕೈಯಿಂದ ಭುಜ ಅದುಮತೊಡಗಿದ.

“ಕೈ ತೆಗೀರಿ ಭಾವ.”

“ಹೋಗುವಾಗಲಾದ್ರೂ ನೆಟ್ಟಗೆ ಹೋಗ್ಲಿ ಕಣಮ್ಮ.”

“ಯಾಕೆ, ಅಲ್ಲಿ ಹೆಣ್ಣು ನೋಡೋಕೆ ಹೋಗ್ತಿದಾರಾ? ಸೊಟ್ಟ ಆಗಿರೋದು ನಿಮ್ಮ ಪೆಟ್ಟಿಗೆ. ಅದನ್ನ ಸರಿ ಮಾಡಿ.”

ಸೇರಿದ್ದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಭಾವ ಒಂದು ಪಕ್ಕದ ಹಲಗೆ ಕಿತ್ತು, ಬೇರೆ ಹಲಗೆ ಕೂಡಿಸಿ ಅಗಲ ಮಾಡಿದ. ಡೊಂಕಣ್ಣ ಡೊಂಕಾಗಿಯೇ, ಆರಾಮಾಗಿ ಹೋದ.

ಅಂಗಡಿ ಖಾಲಿ ಬಿಡುವುದು ಬೇಡವೆಂದು ಭಾವ ಬೇರೊಬ್ಬ ಕ್ಷೌರಿಕನನ್ನು ತಂದು ಕೂರಿಸಿದ. ಕೆಲವು ವಾರಗಳಾದ ಮೇಲೆ ಆ ಹೊಸಬ ಮನೆ ಬಾಗಿಲಿಗೆ ಬಂದ. ಮುಖ ಗಂಟಿಕ್ಕಿಕೊಂಡಿತ್ತು.

“ಅಮ್ಮಾ, ನಿಮ್ಮ ಯಜಮಾನ್ರ ಗಿರಾಕಿಗಳಿಗೆಲ್ಲ ಕತ್ತು ಉಳುಕಿದೆಯಾ?”

“ಯಾಕಪ್ಪ?”

“ಕುರ್ಚಿಯಲ್ಲಿ ಕೂತ ತಕ್ಷಣ ಎಲ್ಲರ ತಲೆಯೂ ಎಡಕ್ಕೆ ವಾಲುತ್ತೆ. ನಾನು ಕೈಯಲ್ಲಿ ಎತ್ತಿ ನಿಲ್ಲಿಸ್ತೀನಿ, ಮತ್ತೆ ವಾಲುತ್ತೆ. ದಿನಸಿ ಅಂಗಡಿ ಯಜಮಾನ್ರ ಮೀಸೆ ಒಂದು ಕಡೆ ಹೊರಟೇ ಹೋಯ್ತು.”

ಡೊಂಕಣ್ಣ ಎಡಕ್ಕೆ ವಾಲಿ ನಿಲ್ಲುತ್ತಿದ್ದ. ಅವನ ಕೈಗೆ ಸಿಗಲೆಂದು ಗಿರಾಕಿಗಳು ಎಡಕ್ಕೆ ತಲೆ ಕೊಟ್ಟು ಕೊಟ್ಟು, ಅದೇ ಕ್ಷೌರಕ್ಕೆ ಕೂರುವ ರೀತಿ ಎಂದುಕೊಂಡುಬಿಟ್ಟಿದ್ದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಹೋದ ಮೇಲೆ ಮೊದಲ ನಗು.

“ನಗಬೇಡಿ. ಇನ್ನು ನಾಲ್ಕು ಸಲ ಬಂದ್ರೆ ಎಲ್ಲರನ್ನೂ ನೆಟ್ಟಗೆ ಕೂರೋದು ಕಲಿಸಿಬಿಡ್ತೀನಿ.”

ನಗು ಅಲ್ಲೇ ನಿಂತಿತು.

“ಬೀಗದ ಕೈ ಕೊಡಪ್ಪ.”

“ಕೊಟ್ರೆ ಅಂಗಡಿ ಯಾರು ನಡೆಸ್ತಾರೆ?”

“ನಾನು. ನಿನಗೆ ನೆಟ್ಟಗಿರೋ ಗಿರಾಕಿಗಳು ಬೇರೆ ಬೀದೀಲಿ ಬೇಕಾದಷ್ಟು ಸಿಗ್ತಾರೆ.”

ಮೊದಲು ಬಂದವನು ದಿನಸಿ ಅಂಗಡಿಯವನೇ, ಅರ್ಧ ಮೀಸೆ ಹೊತ್ತು. ಹೆಂಗಸಿನ ಕೈಯಲ್ಲಿ ಕತ್ತಿ ಕಂಡು ಬಾಗಿಲಲ್ಲೇ ನಿಂತ.

“ತಂಗೀ, ನಿನಗೆ ಬರುತ್ತಾ?”

“ಇಲ್ಲೀತನಕ ಒಬ್ಬರ ಗಂಟಲೂ ಕುಯ್ದಿಲ್ಲ ಅಣ್ಣ. ಮೊದಲನೆಯವರು ಆಗ್ಬೇಕು ಅಂತಿದ್ರೆ ಅಲ್ಲಾಡಿ.”

ಅವನು ಕೂತ, ಕಣ್ಣು ಮುಚ್ಚಿದ. ತಲೆ ತಾನಾಗೇ ಎಡಕ್ಕೆ ಹೋಯಿತು. ಅವಳು ಕತ್ತಿ ಕೆಳಗಿಳಿಸಿ ನೋಡಿದಳು. ಆ ವಾಲಿದ ತಲೆಯ ಪಕ್ಕದಲ್ಲಿ ಒಬ್ಬ ಡೊಂಕು ಮನುಷ್ಯ ಬಗ್ಗಿ ನಿಲ್ಲುವಷ್ಟು ಜಾಗ ಖಾಲಿ ಇತ್ತು, ಅಚ್ಚಿನಲ್ಲಿ ತೆಗೆದ ಹಾಗೆ. ನೆಟ್ಟಗೆ ಕೂರಿ ಎಂದು ಅವಳು ಹೇಳಲಿಲ್ಲ. ಸೊಂಟ ಎಡಕ್ಕೆ ಹಾಕಿ ಆ ಜಾಗದಲ್ಲಿ ನಿಂತು, ಉಳಿದ ಅರ್ಧ ಮೀಸೆಯನ್ನೂ ತೆಗೆದಳು.

ಈಗ ಗಿರಾಕಿಗಳು ಬರುತ್ತಾರೆ, ಎಲ್ಲರೂ ಒಂದೇ ಕಡೆ ಭಾರ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಕುರ್ಚಿಯ ಎಡಗಡೆಯ ಸ್ಕ್ರೂ ಸಡಿಲವಾಗಿ ಲೊಡಲೊಡ ಎನ್ನುತ್ತದೆ. ದಪ್ಪ ಮೊಳೆ ಹೊಡೆದು ಒಂದೇ ಸಲಕ್ಕೆ ಸರಿ ಮಾಡಿಕೊಡುತ್ತೇನೆಂದು ಭಾವ ಹೇಳಿದ. ಬೇಡ ಎಂದಳು. ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸುವುದಕ್ಕೂ ಮೊದಲು ಕುರ್ಚಿಯ ಮುಂದೆ ಮಂಡಿಯೂರಿ, ಬೀದಿಯ ಗಂಡಸರ ವಂಶವನ್ನೆಲ್ಲ ಬೈಯುತ್ತಾ ಸ್ಕ್ರೂ ಬಿಗಿ ಮಾಡುತ್ತಾಳೆ.