ಸ್ತ್ರೀ ಪಾತ್ರದ ಸಾಲಿನಲ್ಲಿ ಬಂದ ಹೆಸರು

ಟ್ರಂಕಿನ ತಳಕ್ಕೆ ಹಾಸಿದ್ದ, ಹಳೆಯ ನಾಟಕದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲನ್ನು ಮೊನ್ನೆ ಬಿಸಿಲಿಗೆ ತೆಗೆದೆ. ಮಡಿಕೆಯಲ್ಲಿ ಹರಿದಿದೆ, ಅಕ್ಷರಗಳು ಮಾತ್ರ ಗಟ್ಟಿಯಾಗಿವೆ. ನಮ್ಮ ಪಲ್ಲವಿ ನಾಟಕದ ಕೋರ್ಸಿಗೆ ಸೇರುತ್ತೇನೆ ಎಂದಾಗಿನಿಂದ ಮನೆಗೆ ಬಂದವರೆಲ್ಲ "ಮುಂದ ನೌಕರಿ?" ಎಂದು ಕೇಳುತ್ತಿದ್ದಾರಲ್ಲ, ಮಕ್ಕಳೇ, ನಾಲ್ಕು ಜನರ ನಡುವೆ ಉತ್ತರ ಹೇಳಲು ನನಗೆ ಸಂಕೋಚ; ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು, ನಿಮ್ಮ ಸುಮಿತ್ರಾ ಅತ್ತೆ, ಧಾರವಾಡದಲ್ಲಿ ನಾಟಕ ಕಲಿತು ಬಂದಾಗ ನಿಮ್ಮ ಅಜ್ಜ ತೀರಿ ಎರಡು ವರ್ಷವಾಗಿತ್ತು. ಚಿಕ್ಕೋಡಿಯ ಒಂದು ಶಾಲೆಯವರು ಮಕ್ಕಳಿಗೆ ನಾಟಕ ಕಲಿಸಲು ಅವಳನ್ನು ಸಂದರ್ಶನಕ್ಕೆ ಕರೆದಿದ್ದರು. ಆದರೆ ಹಿಂದೆ ಎಲ್ಲಿಯಾದರೂ ಕಲಿಸಿದ್ದಕ್ಕೆ ಆಧಾರ ಬೇಕಿತ್ತು. ಆಗ ಅವಳು ನಮ್ಮೂರ ನಾಟಕವನ್ನೇ ಕಲಿಸುತ್ತಿದ್ದಳು. ನಮ್ಮ ಕಡೆ ಊರಿನ ಗಂಡಸರು ಪಾತ್ರ ಮಾಡುತ್ತಾರೆ, ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ, ಎರಡು ತಿಂಗಳು ತಾಲೀಮು ಮಾಡಿಸಿ ಮಾತು, ನಡೆ ತಿದ್ದುವವರು ಮಾಸ್ತರು. ಹ್ಯಾಂಡ್‌ಬಿಲ್ಲಿನಲ್ಲಿ ಮಾಸ್ತರೆಂದು ಹೆಸರು ಬಂದರೆ ಅದೇ ಆಧಾರವಾಗುತ್ತದೆ ಎಂದು ಸುಮಿತ್ರಾ ಕಾದಳು.

ಹೆಸರು ಬಂತು. ಆದರೆ ಪಟ್ಟಿ ಬರೆದವನಿಗೆ ಹೆಂಗಸಿನ ಹೆಸರು ಬರುವ ಜಾಗ ಒಂದೇ ಗೊತ್ತಿತ್ತು. 'ಸ್ತ್ರೀ ಪಾತ್ರದಲ್ಲಿ' ಎಂಬುದರ ಕೆಳಗೆ, ಹೊರಗಿನ ಇಬ್ಬರು ಕಲಾವಿದೆಯರ ನಂತರ, ಮೂರನೆಯ ಹೆಸರು ಅವಳದು. ಮಾಸ್ತರು ಎಂಬಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವ ರಾಮಣ್ಣನ ಹೆಸರಿತ್ತು.

"ಮದವಿ ಆಗೋ ಹುಡುಗಿ ಹೆಸರ ಇಲ್ಲೆ ಬರಬಾರದಿತ್ತು" ಎಂದು ನಾನು ಕಣ್ಣೀರು ಹಾಕಿದೆ.

"ಪಾತ್ರ ಮಾಡೂದೇನ ಹೇಸಿ ಕೆಲಸ ಅಲ್ಲಬೇ ಯವ್ವಾ. ನಾ ಮಾಡಿದ್ದು ಬ್ಯಾರೆ ಕೆಲಸ. ಎರಡ ತಿಂಗಳ ಗಂಟಲ ಹರಕೊಂಡೀನಿ, ಅದು ಇದರಾಗ ಎಲ್ಲೈತಿ?"

ನಾನು ಮಾನಕ್ಕೆ ಅಳುತ್ತಿದ್ದೆ, ಅವಳು ಕೆಲಸಕ್ಕೆ. ಎರಡರ ನಡುವಿನ ಅಂತರ ನನಗೆ ತಿಳಿದದ್ದು ಆಗಲೇ. ಸೆರಗು ಹೊದ್ದು ನಾಟಕ ಕಮಿಟಿಯ ಹಿರಿಯರಾದ ಬಾಳಗೌಡರ ಕಟ್ಟೆಗೆ ಹೋದೆ.

"ತಪ್ಪಾಗೇತಿ ಬಿಡ ತಂಗೀ. ನಾಟಕದ ದಿನಾ ಮೈಕಿನ್ಯಾಗ ಹೇಳಸ್ತೀನಿ, ಊರೆಲ್ಲಾ ಕೇಳಲಿ."

"ಮೈಕಿನ ಮಾತ ಫೈಲಿನ್ಯಾಗ ಇಡಾಕ ಬರೂದಿಲ್ರಿ ಗೌಡ್ರ. ಸೋಮವಾರ ಚಿಕ್ಕೋಡ್ಯಾಗ ಕೇಳತಾರ. ಬರದ ಕೊಡ್ರಿ."

ಗೌಡರು ನಕ್ಕರು. "ನಿನ್ನ ಬಾಯಾಗ ಇಷ್ಟ ಮಾತ ಅದಾವಂತ ಗೊತ್ತಿದ್ರ ನಿನಗೂ ಒಂದ ಪಾತ್ರ ಕೊಡತಿದ್ವಿ."

ಅಂದಿನ ತಾಲೀಮಿನಲ್ಲಿ ಗೌಡರು ಬರೆಸಿದ ಒಂದು ಹಾಳೆ ಕೈಯಿಂದ ಕೈಗೆ ತಿರುಗಿತು. 'ನಮಗೆ ನಾಟಕ ಕಲಿಸಿದವರು ಸುಮಿತ್ರಾ' ಎಂಬ ಸಾಲಿನ ಕೆಳಗೆ ನಾಯಕ, ಸಾವಕಾರ, ಪೋಲೀಸ, ಹಾಸ್ಯದವ, ಎಲ್ಲರೂ ತಮ್ಮ ಪಾತ್ರ ಬರೆದು ಸಹಿ ಹಾಕಿದರು. ರಾಮಣ್ಣನೂ ಹಾಕಿದ. ಖಳನಾಯಕ ಮಲ್ಲಪ್ಪ ಎಮ್ಮೆ ಸಾಕುವವನು, ಓದುಬರಹ ಬಾರದವನು; ಹೆಬ್ಬೆಟ್ಟು ಒತ್ತಿದ.

ಸಂದರ್ಶನದಲ್ಲಿ ಶಾಲೆಯ ಮುಖ್ಯಸ್ಥೆ ಹೆಡ್‌ಬಾಯಿಯವರ ಬೆರಳು ಆ ಹೆಬ್ಬೆಟ್ಟಿನ ಮೇಲೇ ನಿಂತಿತಂತೆ. "ಓದಾಕ ಬಾರದವರಿಗೆ ಮಾತ ಹೆಂಗ ಕಲಿಸಿದ್ರಿ?"

ಸುಮಿತ್ರಾ ನಡೆದದ್ದನ್ನೇ ಹೇಳಿದಳಂತೆ. ಮಲ್ಲಪ್ಪನಿಗೆ ಬಿಡುವಿದ್ದದ್ದು ಹಾಲು ಹಿಂಡುವಾಗ ಮಾತ್ರ. ಸುಮಿತ್ರಾ ದಿನಾ ಕೊಟ್ಟಿಗೆಯಲ್ಲಿ ಕೂತು ಒಂದೊಂದೇ ಮಾತು ಹೇಳುವಳು. ಅವನು ಹಿಂಡುವ ಕೈಯ ಲಯಕ್ಕೆ ಅದನ್ನು ತಿರುಗಿ ಹೇಳುವನು. ತಿಂಗಳೊಪ್ಪತ್ತಿನಲ್ಲಿ ತನ್ನದಷ್ಟೇ ಅಲ್ಲ, ನಾಯಕನ ಮಾತೂ ಅವನಿಗೆ ಬಾಯಿಪಾಠವಾಗಿತ್ತು.

ಹೆಡ್‌ಬಾಯಿಯವರು ಅದನ್ನೆಲ್ಲ ಕೇಳಿ, "ನಮ್ಮಲ್ಲೂ ಪುಸ್ತಕ ಕಂಡ್ರ ಓಡೋ ಹುಡುಗರು ಭಾಳ ಅದಾರ, ಜೂನ್‌ದಿಂದ ಬರ್ರಿ" ಎಂದರಂತೆ. ವಾರಕ್ಕೆ ಎರಡೇ ದಿನದ ಕೆಲಸ. ಉಳಿದ ದಿನ ರಾಯಬಾಗ, ಅಥಣಿ ಕಡೆಯ ಊರುಗಳ ತಾಲೀಮು, ಕಾಲೇಜಿನ ವಾರ್ಷಿಕ ಗ್ಯಾದರಿಂಗು, ಆರೋಗ್ಯ ಇಲಾಖೆಯ ಬೀದಿನಾಟಕ, ಏನೂ ಇಲ್ಲದಾಗ ನಾಟಕದ ಬಟ್ಟೆ ಹೊಲಿಯುವುದು. ಒಂದೇ ಕುರ್ಚಿಯ ನೌಕರಿ ಅವಳಿಗೆ ಇಂದಿಗೂ ಇಲ್ಲ, ಪಲ್ಲವೀ. ಅದನ್ನು ಮುಚ್ಚಿಟ್ಟು ನಿನ್ನನ್ನು ಕಳಿಸಲಾರೆ. ಆದರೆ ಯಾವ ಕೆಲಸ ಮಾಡಿದರೂ, ಮಾಡಿದ್ದು ಇಂಥದೇ ಎಂದು ಅಂದೇ ಬರೆಸಿಕೋ. ನಾಚಿಕೊಳ್ಳಬೇಡ, ಅದು ನನ್ನ ಪಾಲಿಗಿರಲಿ.

ಆ ಸೋಮವಾರ ಸಂಜೆ ಬಸ್ಸಿಳಿದು ಬಂದವಳು ಪಡಸಾಲೆಯಲ್ಲಿ ನಿಂತು ಸುದ್ದಿ ಹೇಳಿದಳು. ಎರಡು ತಿಂಗಳು ಊರೆಲ್ಲ ಅವಳನ್ನು ಕರೆಯುತ್ತಿದ್ದ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

"ಬರ್ರಿ ಮಾಸ್ತರ," ಎಂದೆ, "ಕೈಕಾಲ ತೊಳಕೊರಿ, ರೊಟ್ಟಿ ಬಿಸಿ ಅದಾವ."